ಗ್ಯಾಸ್ ಹಾಕಿಸುವ ಮೊದಲು ಗಾಳಿ ನೋಡಿ

ಎರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಊಟಕ್ಕೆ ಬಡಿಸುತ್ತಿದ್ದಾಗ ಮಾವನವರಿಗೆ ಉಬ್ಬಸ ಜೋರಾಯಿತು. ಮನೆಯವರು ಇರುವುದು ದಮ್ಮಾಮಿನಲ್ಲಿ. ಉಪ್ಪಿನಂಗಡಿಯಲ್ಲಿ ತೋರಿಸಿದಾಗ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, "ತಡ ಮಾಡಬೇಡಿ, ಮಂಗಳೂರಿಗೆ ಕರೆದುಕೊಂಡು ಹೋಗಿ" ಎಂದರು. ಹೊರಗೆ ಧಾರಾಕಾರ ಮಳೆ. ನಮ್ಮಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಸಣ್ಣ ಕಾರು. ಓಡಿಸುವವಳು ನಾನೇ. ಮಕ್ಕಳನ್ನು ಬಿಟ್ಟು ಹೋಗೋಣವೆಂದರೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಾವನನ್ನು ಮುಂದೆ ಕೂರಿಸಿ, ಅತ್ತೆಯನ್ನೂ ಮಕ್ಕಳಿಬ್ಬರನ್ನೂ ಹಿಂದೆ ಕೂರಿಸಿ ಹೊರಟೆ. ಎಲ್ಲರ ಬಟ್ಟೆಯೂ ಒದ್ದೆ. ಕಾಲಬುಡದಲ್ಲಿ ನೀರಿಳಿಯುವ ಕೊಡೆಗಳು. ಮಳೆ ಒಳಬರದಂತೆ ನಾಲ್ಕೂ ಗಾಜುಗಳನ್ನು ಭದ್ರವಾಗಿ ಏರಿಸಿದ್ದೆ.

ಮಾಣಿ ದಾಟುವಷ್ಟರಲ್ಲಿ ಮುಂದಿನ ಗಾಜು ಮಬ್ಬಾಗತೊಡಗಿತು. ಮೊದಲು ಅಂಚಿನಲ್ಲಿ, ಆಮೇಲೆ ಇಡೀ ಗಾಜಿನಲ್ಲಿ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಶಾಲಿನ ತುದಿಯಿಂದ ಒರೆಸಿದೆ. ಒರೆಸಿದ ಜಾಗ ಕ್ಷಣದಲ್ಲೇ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎದುರಿನಿಂದ ಬರುವ ಲಾರಿಯ ಬೆಳಕು ಗಾಜಿನ ತುಂಬ ಹರಡಿ ರಸ್ತೆಯ ಅಂಚೇ ಕಾಣದಾಯಿತು. ಪಕ್ಕದಲ್ಲಿ ಮಾವನ ಏದುಸಿರು. ಕಲ್ಲಡ್ಕಕ್ಕಿಂತ ಮೊದಲು ಸಿಕ್ಕಿದ ಪೆಟ್ರೋಲ್ ಬಂಕಿನೊಳಗೆ ಗಾಡಿ ತಿರುಗಿಸಿ ನಿಲ್ಲಿಸಿಬಿಟ್ಟೆ. ಕೈ ನಡುಗುತ್ತಿತ್ತು.

ಅಲ್ಲಿ ನಿಂತಿದ್ದ ಒಬ್ಬ ಲಾರಿ ಚಾಲಕ ಬಂದು ವಿಷಯ ಕೇಳಿದ. "ಅಕ್ಕಾ, ಎ.ಸಿ. ಹಾಕಿ" ಎಂದ. "ಎ.ಸಿ. ಹಾಳಾಗಿದೆ, ಗ್ಯಾಸ್ ಹೋಗಿದೆಯಂತೆ" ಎಂದೆ. ಅವನು ಡ್ಯಾಶ್‌ಬೋರ್ಡಿನ ಒಂದು ಸಣ್ಣ ಲಿವರನ್ನು ಸರಿಸಲು ನೋಡಿದ. ಅದು ಅಲುಗಲಿಲ್ಲ. "ಹಾಗಾದರೆ ಎಲ್ಲಾ ಗಾಜುಗಳನ್ನು ಎರಡೆರಡು ಬೆರಳಿನಷ್ಟು ಇಳಿಸಿ. ಸ್ವಲ್ಪ ಒದ್ದೆಯಾದರೆ ಆಗಲಿ, ದಾರಿ ಕಾಣಬೇಕಲ್ಲ" ಎಂದ. ಇಳಿಸಿದೆ. ಕೆಲವು ನಿಮಿಷಗಳಲ್ಲಿ ಗಾಜು ಅರ್ಧದಷ್ಟು ತಿಳಿಯಾಯಿತು. ನಿಧಾನವಾಗಿ ಓಡಿಸಿಕೊಂಡು ಬಿ.ಸಿ.ರೋಡ್, ಫರಂಗಿಪೇಟೆ ದಾಟಿ ಆಸ್ಪತ್ರೆ ಮುಟ್ಟಿದೆವು. ಬೆಳಗಾಗುವಾಗ ಮಾವನ ಉಸಿರು ಹದಕ್ಕೆ ಬಂತು, ಅಲ್‌ಹಮ್ದುಲಿಲ್ಲಾಹ್.

ಆದರೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದ ನನ್ನನ್ನು ಒಂದು ಪ್ರಶ್ನೆ ಬಿಡಲಿಲ್ಲ. ಆ ಲಿವರ್ ಯಾವುದು? ಮಳೆಗಾಲದ ಚಳಿಯಲ್ಲಿ ಎ.ಸಿ. ಹಾಕಿ ಎಂದು ಅವನು ಹೇಳಿದ್ದೇಕೆ? ಮನೆಮಂದಿಯನ್ನು ಕೂರಿಸಿಕೊಂಡು ದಿನವೂ ಓಡಿಸುವ ಗಾಡಿಯ ಬಗ್ಗೆ ನನಗೆ ಇಷ್ಟೂ ಗೊತ್ತಿಲ್ಲವೇ?

ಎರಡು ಸಲ ಗ್ಯಾಸ್, ಗುಣ ಸೊನ್ನೆ

'ಗ್ಯಾಸ್ ಹೋಗಿದೆಯಂತೆ' ಎಂಬ ಮಾತಿನ ಹಿಂದೆಯೂ ಒಂದು ಕಥೆಯಿದೆ. ಆ ವರ್ಷದ ಮಾರ್ಚ್‌ನಲ್ಲೇ ನಮ್ಮ ಕಾರಿನ ಎ.ಸಿ. ತೊಂದರೆ ಕೊಡಲು ಶುರು ಮಾಡಿತ್ತು. ಹೊರಡುವಾಗ ತಂಪು ಇರುತ್ತಿತ್ತು. ಅರ್ಧ ಗಂಟೆ ಕಳೆದರೆ ಒಳಗೆ ಸೆಕೆ. ಒಂದು ಗ್ಯಾರೇಜಿಗೆ ಕೊಂಡುಹೋದೆ. ಬೋನೆಟ್ ಎತ್ತಿ ನೋಡಿ, "ಗ್ಯಾಸ್ ಕಡಿಮೆಯಾಗಿದೆ ಮೇಡಂ" ಎಂದು ತುಂಬಿಸಿದರು. 1,500 ರೂಪಾಯಿ. ತಿಂಗಳೊಳಗೆ ಮತ್ತದೇ ಪಾಡು. ಇನ್ನೊಂದು ಗ್ಯಾರೇಜಿನಲ್ಲೂ ಅದೇ ಮಾತು, ಅದೇ ಮದ್ದು. 1,800 ರೂಪಾಯಿ. ಆಮೇಲೂ ಸರಿಹೋಗದಿದ್ದಾಗ ಎ.ಸಿ. ಹಾಕುವುದನ್ನೇ ಬಿಟ್ಟುಬಿಟ್ಟೆವು. ಎರಡು ಸಲವೂ ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ನನಗೂ ಏನು ಹೇಳಬೇಕೆಂದು ಗೊತ್ತಿರಲಿಲ್ಲ.

ಮಾವ ಮನೆಗೆ ಬಂದ ಮೇಲೆ ನೆಂಟರೊಬ್ಬರು ಪುತ್ತೂರಿನಲ್ಲಿ ಕಾರಿನ ಎ.ಸಿ. ಕೆಲಸ ಮಾಡುವ ಹಿರಿಯರೊಬ್ಬರ ಬಗ್ಗೆ ಹೇಳಿದರು. ಸೌದಿಯಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದವರು. ಎಲ್ಲರಿಗೂ ಅವರು ಕಾಕ. ನಾನು ಹೋದವಳೇ, "ಕಾಕ, ಗ್ಯಾಸ್ ಒಮ್ಮೆ ನೋಡಿ" ಎಂದೆ. ಅವರು ನಕ್ಕರು.

"ಟೀಚರೇ, ಗ್ಯಾಸನ್ನು ಕೊನೆಗೆ ನೋಡುತ್ತೇನೆ. ಮೊದಲು ಹೇಳಿ, ನಿಮಗೆ ಕಡಿಮೆಯಾದದ್ದು ಗಾಳಿಯೋ, ತಂಪೋ?"

ಉತ್ತರ ಕೊಡಲಾಗಲಿಲ್ಲ. ಎರಡೂ ಬೇರೆ ಬೇರೆ ಎಂಬುದೇ ನನಗೆ ಹೊಳೆದಿರಲಿಲ್ಲ.

ಗಾಳಿ ಬೇರೆ, ತಂಪು ಬೇರೆ

ಆ ದಿನ ಕಾಕ ತಿಳಿಸಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಸರಳವಾಗಿ ಹೇಳುತ್ತೇನೆ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರು, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಹೆಂಗಸರೇ. ಓಡಿಸದವರೂ ಒಳಗೆ ಕುಳಿತುಕೊಳ್ಳುವವರೇ. ಆದ್ದರಿಂದ ಇದು ಗಂಡಸರಿಗೆ ಸಂಬಂಧಿಸಿದ ವಿಷಯವೆಂದು ಪುಟ ಮಗುಚಬೇಡಿ.

ಮೊದಲು ಗಾಳಿಯ ದಾರಿ. ಡ್ಯಾಶ್‌ಬೋರ್ಡಿನ ಹಿಂದೆ ಬ್ಲೋವರ್ ಎಂಬ ಫ್ಯಾನ್ ಇದೆ. ಅದು ಗಾಳಿಯನ್ನು ಎರಡು ಕಡೆಯಿಂದ ಎಳೆದುಕೊಳ್ಳಬಲ್ಲದು. ಒಂದು, ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯ ಮೂಲಕ ಹೊರಗಿನಿಂದ. ಇನ್ನೊಂದು, ಕಾರಿನ ಒಳಗಿನಿಂದಲೇ. ಯಾವ ಕಡೆಯಿಂದ ಎಂಬುದನ್ನು ತೀರ್ಮಾನಿಸುವುದು ಒಂದು ಸಣ್ಣ ಬಾಗಿಲು. ಕಾರಿನ ಚಿತ್ರದೊಳಗೆ ಸುತ್ತುವ ಬಾಣದ ಗುರುತಿರುವ ಬಟನ್ ಅಥವಾ ಲಿವರ್ ಇರುತ್ತದಲ್ಲ, ಅದು ಈ ಬಾಗಿಲಿನದು. ಅಂದು ರಾತ್ರಿ ಅಲುಗದೆ ಕುಳಿತದ್ದು ಅದೇ.

ಎಳೆದುಕೊಂಡ ಗಾಳಿ ಒಂದು ಫಿಲ್ಟರ್ ದಾಟಿ ಕೂಲಿಂಗ್ ಕಾಯಿಲ್ ಮೂಲಕ ಹಾದುಹೋಗುತ್ತದೆ. ಅದರ ಆಚೆ ಹೀಟರ್ ಕಾಯಿಲ್. ಇಂಜಿನನ್ನು ತಣಿಸಿ ಬಿಸಿಯಾದ ಕೂಲೆಂಟ್ ನೀರು ಈ ಹೀಟರಿನೊಳಗೆ ಹರಿಯುತ್ತದೆ. ಗಾಳಿ ಎಷ್ಟರ ಮಟ್ಟಿಗೆ ಹೀಟರಿನ ಮೇಲೆ ಹೋಗಬೇಕು ಎಂಬುದಕ್ಕೆ ಎರಡನೆಯ ಬಾಗಿಲು. ನೀಲಿ, ಕೆಂಪು ಗುರುತಿನ ಗುಂಡಿ ತಿರುಗಿಸಿದಾಗ ಸಾಮಾನ್ಯವಾಗಿ ಅಲುಗುವುದು ಇದು. ಕೊನೆಗೆ ಗಾಳಿ ಮುಖಕ್ಕೋ, ಕಾಲಿಗೋ, ಗಾಜಿಗೋ ಎಂಬುದಕ್ಕೆ ಮತ್ತೂ ಬಾಗಿಲುಗಳು. ಹಳೆಯ ಕಾರುಗಳಲ್ಲಿ ಇವನ್ನು ಎಳೆಯುವುದು ತೆಳು ಕೇಬಲ್. ಹೊಸ ಕಾರುಗಳಲ್ಲಿ ಪುಟ್ಟ ಮೋಟಾರುಗಳು.

ಇನ್ನು ತಂಪಿನ ದಾರಿ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಸ್ಪಿರಿಟ್ ಒರೆಸಿದಾಗ ಚರ್ಮ ತಣ್ಣಗಾಗುತ್ತದೆ. ದ್ರವ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಕೂಲಿಂಗ್ ಕಾಯಿಲಿನೊಳಗೆ ನಡೆಯುವುದೂ ಇದೇ. ಅಲ್ಲಿ ದ್ರವವಾಗಿದ್ದ ಗ್ಯಾಸ್ ಆವಿಯಾಗುತ್ತಾ ಗಾಳಿಯ ಶಾಖವನ್ನು ಹೀರುತ್ತದೆ. ಇಂಜಿನ್ ತಿರುಗಿಸುವ ಕಂಪ್ರೆಸರ್ ಆ ಆವಿಯನ್ನು ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಹೀರಿದ ಶಾಖವನ್ನೆಲ್ಲ ಹೊರಗೆ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಮನೆಯ ಫ್ರಿಜ್ಜಿನ ಒಳಗೆ ತಂಪು, ಹಿಂದೆ ಬಿಸಿ ಇರುವುದೂ ಹೀಗೆಯೇ.

ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ಈ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಬಹಳ ವರ್ಷಗಳಲ್ಲಿ ರಬ್ಬರ್ ಪೈಪು, ಸೀಲುಗಳಿಂದ ತುಸು ಸೋರುವುದುಂಟು. ಆದರೆ ತಿಂಗಳಿಗೊಮ್ಮೆ ಗ್ಯಾಸ್ ಕಡಿಮೆಯಾಯಿತೆಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

ಕಾಕ ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಕ್ರಮವಾಗಿ ಕೊಡುತ್ತೇನೆ. ನಿಮ್ಮ ಕಾರಿನಲ್ಲೂ ಹೀಗೆಯೇ ನೋಡಬಹುದು. ಇದಕ್ಕೆ ಯಾವ ಉಪಕರಣವೂ ಬೇಡ.

ಒಂದು: ಗಾಳಿ ಬರುತ್ತದೆಯೇ? ಎ.ಸಿ. ಹಾಕದೆ ಬರೇ ಬ್ಲೋವರನ್ನು ಒಂದರಿಂದ ನಾಲ್ಕರವರೆಗೆ ಇಡಿ. ಯಾವುದರಲ್ಲೂ ತಿರುಗದಿದ್ದರೆ ಫ್ಯೂಸ್, ಸ್ವಿಚ್ ಅಥವಾ ಮೋಟಾರು ನೋಡಿಸಬೇಕು. ಒಂದು, ಎರಡು, ಮೂರರಲ್ಲಿ ತಿರುಗದೆ ನಾಲ್ಕರಲ್ಲಿ ಮಾತ್ರ ತಿರುಗಿದರೆ ಹೆಚ್ಚಾಗಿ ಹೋಗಿರುವುದು ರೆಸಿಸ್ಟರ್ ಎಂಬ ಸಣ್ಣ ಬಿಡಿಭಾಗ. ವೇಗ ಕಡಿಮೆ ಮಾಡುವುದೇ ಅದರ ಕೆಲಸ. ಪೂರ್ತಿ ವೇಗಕ್ಕೆ ಅದರ ಅಗತ್ಯವಿಲ್ಲ. ಆದ್ದರಿಂದಲೇ ನಾಲ್ಕು ಮಾತ್ರ ಉಳಿಯುತ್ತದೆ. ಫ್ಯಾನಿನ ಸದ್ದು ಜೋರಾಗಿದ್ದೂ ಗಾಳಿ ಸಣ್ಣಗೆ ಬಂದರೆ ದಾರಿಯಲ್ಲಿ ಏನೋ ಅಡ್ಡವಿದೆ. ಮೊದಲ ಅನುಮಾನ ಫಿಲ್ಟರ್ ಮೇಲೆ. ಫ್ಯಾನಿನಿಂದ ಟರ್ರ್ ಎಂಬ ಸದ್ದು ಬಂದರೆ ಒಣ ಎಲೆಯೋ ಕಾಗದದ ಚೂರೋ ಒಳಹೊಕ್ಕಿರಬಹುದು. ಗಾಳಿ ಮುಖಕ್ಕೆ ಇಟ್ಟರೂ ಕಾಲಿಗೇ ಬರುತ್ತಿದ್ದರೆ ಬಾಗಿಲಿನ ಕೇಬಲ್ ಅಥವಾ ಮೋಟಾರು ಕೆಟ್ಟಿದೆ. ಹೊಸ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಟಕ್ ಟಕ್ ಎಂದು ಕೇಳುವುದು ಇಂಥ ಮೋಟಾರಿನ ಹಲ್ಲು ಸವೆದ ಗುರುತು.

ಎರಡು: ಬಂದ ಗಾಳಿ ತಂಪಾಗಿದೆಯೇ? ಇದನ್ನು ನೋಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಇಂಜಿನ್ ಬಿಸಿಯಾದ ಮೇಲೆ ಎ.ಸಿ. ಆಫ್ ಮಾಡಿ, ಗುಂಡಿಯನ್ನು ಪೂರ್ತಿ ನೀಲಿಗೆ ತಿರುಗಿಸಿ, ಹೊರಗಿನ ಗಾಳಿ ಬಿಡಿ. ಬರುವ ಗಾಳಿ ಹೆಚ್ಚುಕಡಿಮೆ ಹೊರಗಿನಷ್ಟೇ ಬೆಚ್ಚಗಿರಬೇಕು. ಅದಕ್ಕಿಂತ ಬಹಳ ಬಿಸಿಯಾಗಿದ್ದರೆ ಹೀಟರಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಆಗ ಎಷ್ಟು ಗ್ಯಾಸ್ ಹಾಕಿದರೂ ಪ್ರಯೋಜನವಿಲ್ಲ. ಒಂದು ಕಡೆ ತಣ್ಣಗಾದ ಗಾಳಿ ಇನ್ನೊಂದು ಕಡೆ ಮತ್ತೆ ಕಾಯುತ್ತಿರುತ್ತದೆ. ಇದು ಸರಿಯಿದ್ದರೆ ಎ.ಸಿ. ಹಾಕಿ. ಹಲವು ಕಾರುಗಳಲ್ಲಿ ಬೋನೆಟ್ ಕಡೆಯಿಂದ ಕಟ್ ಎಂಬ ಸದ್ದು ಕೇಳಿಸುತ್ತದೆ, ಇಂಜಿನಿನ ಸದ್ದೂ ತುಸು ಬದಲಾಗುತ್ತದೆ. ಅದು ಕಂಪ್ರೆಸರ್ ಹಿಡಿದುಕೊಂಡ ಗುರುತು. ಏನೂ ಬದಲಾಗದಿದ್ದರೆ ಕಂಪ್ರೆಸರಿಗೆ ಕರೆಂಟ್ ಹೋಗುತ್ತಿಲ್ಲ ಅಥವಾ ಗ್ಯಾಸ್ ತೀರಾ ಕಡಿಮೆಯಿದೆ. ಗ್ಯಾಸಿನ ಒತ್ತಡ ತೀರಾ ಇಳಿದಾಗ ಕಂಪ್ರೆಸರ್ ಹಾಳಾಗದಂತೆ ಅದನ್ನು ನಿಲ್ಲಿಸುವ ಸ್ವಿಚ್ ಇರುತ್ತದೆ.

ಮೂರು: ತಂಪು ಯಾವಾಗ ಹೋಗುತ್ತದೆ? ರೋಗಿಯ ಜ್ವರ ಯಾವ ಹೊತ್ತಿಗೆ ಏರುತ್ತದೆ ಎಂದು ಡಾಕ್ಟರು ಕೇಳುವಂಥ ಪ್ರಶ್ನೆ ಇದು. ಗಾಡಿ ಓಡುವಾಗ ತಂಪಾಗಿದ್ದು, ಸಿಗ್ನಲಿನಲ್ಲಿ ನಿಂತಾಗ ಬಿಸಿಯಾದರೆ ಮುಂಭಾಗದ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಓಡುವಾಗ ಎದುರುಗಾಳಿ ಸಿಗುತ್ತದೆ. ನಿಂತಾಗ ರೇಡಿಯೇಟರ್ ಫ್ಯಾನೇ ಗತಿ. ಆ ಫ್ಯಾನ್ ತಿರುಗುತ್ತದೆಯೇ, ಕಂಡೆನ್ಸರಿನ ಜಾಲರಿಯಲ್ಲಿ ಮಣ್ಣು, ಹುಳು, ಎಲೆ ತುಂಬಿದೆಯೇ ಎಂದು ನೋಡಿಸಬೇಕು. ಅದಲ್ಲದೆ ಮೊದಲು ಚೆನ್ನಾಗಿ ತಂಪಾಗಿ, ಅರ್ಧ ಗಂಟೆಯ ಬಳಿಕ ಗಾಳಿಯೇ ಕುಗ್ಗಿ, ಎ.ಸಿ. ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಮತ್ತೆ ಸರಿಯಾದರೆ ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ ಎಂದು ತಿಳಿಯಬೇಕು.

ನಾಲ್ಕು: ವಾಸನೆಯೋ ನೀರೋ ಇದೆಯೇ? ಎ.ಸಿ. ಹಾಕಿದ ಕಾರಿನಡಿ ಶುದ್ಧ ನೀರು ತೊಟ್ಟಿಕ್ಕುವುದು ರೋಗವಲ್ಲ. ಗಾಳಿಯ ತೇವ ತಣ್ಣನೆಯ ಕಾಯಿಲಿಗೆ ತಾಗಿ ನೀರಾಗಿ ಪೈಪಿನ ಮೂಲಕ ಇಳಿಯುತ್ತಿದೆ, ಅಷ್ಟೆ. ಆ ನೀರು ಹೊರಗೆ ಬೀಳುವ ಬದಲು ಒಳಗಿನ ಮ್ಯಾಟ್ ಒದ್ದೆಯಾದರೆ ಪೈಪು ಕಟ್ಟಿದೆ. ಬೂಸ್ಟು ಹಿಡಿದ ಬಟ್ಟೆಯ ವಾಸನೆ ಬಂದರೆ ಕಾಯಿಲಿನ ತೇವದಲ್ಲಿ ಬೂಸ್ಟು ಬೆಳೆದಿದೆ. ಉಬ್ಬಸದವರಿಗೆ, ಅಲರ್ಜಿಯ ಮಕ್ಕಳಿಗೆ ಇದು ಒಳ್ಳೆಯದಲ್ಲ. ಸಿಹಿಸಿಹಿ ವಾಸನೆ ಬಂದು ಗಾಜಿನ ಒಳಗಡೆ ಜಿಡ್ಡು ಕೂತರೆ ಹೀಟರಿನಿಂದ ಕೂಲೆಂಟ್ ಸೋರುತ್ತಿದೆ. ಇದನ್ನು ಮಾತ್ರ ನಾಳೆಗೆ ಮುಂದೂಡಬೇಡಿ. ಕೂಲೆಂಟ್ ವಿಷ. ಅದು ಖಾಲಿಯಾದರೆ ಇಂಜಿನಿಗೂ ಅಪಾಯ. ಸುಟ್ಟ ವಯರಿನ ವಾಸನೆ ಬಂದರೆ ಬ್ಲೋವರ್ ಆಫ್ ಮಾಡಿ, ಗಾಡಿ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿ.

ಸ್ವಯಂಚಾಲಿತ ಎ.ಸಿ. ಇರುವ ಕಾರುಗಳಲ್ಲಿ ಇನ್ನೊಂದು ವಿಷಯ ಸೇರುತ್ತದೆ. ನಾವು 24 ಎಂದು ಇಟ್ಟರೆ ಒಳಗಿನ ಉಷ್ಣತೆ ನೋಡಿ ಫ್ಯಾನನ್ನೂ ಬಾಗಿಲುಗಳನ್ನೂ ಅದೇ ಹೊಂದಿಸಿಕೊಳ್ಳುತ್ತದೆ. ಉಷ್ಣತೆ ಅಳೆಯಲು ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಜಾಲರಿಯ ಹಿಂದೆ ಒಂದು ಸೆನ್ಸರ್ ಇರುತ್ತದೆ. ಅದರ ಮೇಲೆ ಧೂಳು ಕೂತರೆ, ಅಲಂಕಾರಕ್ಕೆಂದು ಏನಾದರೂ ಅಂಟಿಸಿ ಮುಚ್ಚಿದರೆ ಎ.ಸಿ. ತಪ್ಪು ಲೆಕ್ಕ ಹಾಕುತ್ತದೆ.

ನಮ್ಮ ಕಾರಿನೊಳಗೆ ಸಿಕ್ಕಿದ್ದು

ನನ್ನ ಉತ್ತರಗಳನ್ನು ಕೇಳಿದ ಕಾಕ, "ಟೀಚರೇ, ನಿಮಗೆ ಮೊದಲು ಹೋಗಿದ್ದು ಗಾಳಿ, ತಂಪು ಅದರ ಹಿಂದೆ ಹೋಯಿತು" ಎಂದರು. ಗ್ಲವ್ ಬಾಕ್ಸ್ ಬಿಚ್ಚಿ ಫಿಲ್ಟರ್ ಹೊರಗೆಳೆದರು. ನೋಡಿ ನನಗೆ ನಾಚಿಕೆಯಾಯಿತು. ಕಪ್ಪಗೆ ಕಂಬಳಿಯಂತಾಗಿತ್ತು. ಅದರ ಮೇಲೆ ಒಣ ಎಲೆ, ತೆಂಗಿನ ನಾರು, ಬಟ್ಟೆಯ ಚಿಂದಿ. ಗಾಜಿನ ಬುಡದ ಜಾಲರಿಯಿಂದ ಇಲಿ ನುಗ್ಗಿ ಗೂಡು ಕಟ್ಟಿತ್ತು. ಬೇಸಿಗೆಯಲ್ಲಿ ಬೇಗ ತಂಪಾಗಲೆಂದು ನಾವು ಒಳಗಿನ ಗಾಳಿಯ ಕಡೆಗೆ ಸರಿಸಿದ್ದ ಬಾಗಿಲು, ಈ ಕಸ ಸಿಕ್ಕಿಕೊಂಡು ಮತ್ತೆ ತೆರೆಯಲಾಗದೆ ನಿಂತಿತ್ತು.

ಈಗ ಇಡೀ ಕಥೆ ಅರ್ಥವಾಯಿತು. ಗಾಳಿ ಸಾಲದ್ದರಿಂದ ಕೂಲಿಂಗ್ ಕಾಯಿಲ್ ಅತಿಯಾಗಿ ತಣ್ಣಗಾಗಿ ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತಿತ್ತು. ಅಷ್ಟು ತಣ್ಣಗಾದಾಗ ಕಂಪ್ರೆಸರನ್ನು ನಿಲ್ಲಿಸಬೇಕಾದ ಸಣ್ಣ ಸೆನ್ಸರ್ ಕೂಡ ತನ್ನ ಜಾಗದಿಂದ ಜಾರಿತ್ತು. ಮಂಜುಗಡ್ಡೆ ಇದ್ದ ಸ್ವಲ್ಪ ಗಾಳಿಯನ್ನೂ ತಡೆಯಿತು. ಅರ್ಧ ಗಂಟೆಗೆ ಸೆಕೆ ಶುರುವಾದದ್ದು ಹೀಗೆ. ಕೊನೆಗೆ ಕಾಕ ಗ್ಯಾಸನ್ನೂ ಮೆಷಿನಿಗೆ ಎಳೆದು ತೂಕ ಹಾಕಿದರು. ಬೋನೆಟ್ ಅಡಿಯ ಚೀಟಿಯಲ್ಲಿ ಬರೆದದ್ದು 400 ಗ್ರಾಂ. ಒಳಗಿದ್ದದ್ದು 470. ಕಡಿಮೆಯಾಗಿದೆ ಎಂದು ಎರಡು ಸಲ ತುಂಬಿಸಿದ್ದರಿಂದ ಹೆಚ್ಚಾಗಿತ್ತು! ಗ್ಯಾಸ್ ಹೆಚ್ಚಾದರೂ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಭಾರ. 3,300 ರೂಪಾಯಿ ಕೊಟ್ಟು ನಾವು ರೋಗ ಕೊಂಡುಕೊಂಡಿದ್ದೆವು. ಹೊಸ ಫಿಲ್ಟರಿನ ಬೆಲೆ 350 ರೂಪಾಯಿ.

ನನ್ನನ್ನು ಹೆಚ್ಚು ನೋಯಿಸಿದ್ದು ಹಣವಲ್ಲ. ಮೊದಲ ಅರ್ಧ ಗಂಟೆ ನಮ್ಮ ಎ.ಸಿ. ಕೆಲಸ ಮಾಡುತ್ತಿತ್ತಲ್ಲ? ಅಂದು ರಾತ್ರಿ ಅದನ್ನು ಹಾಕಿದ್ದರೆ ಅಷ್ಟರಲ್ಲಿ ಗಾಜು ತಿಳಿಯಾಗುತ್ತಿತ್ತು. ಹಾಳಾಗಿದೆ ಎಂದು ನಂಬಿ ನಾನು ಬಟನನ್ನೇ ಒತ್ತಿರಲಿಲ್ಲ.

ಮಳೆಗಾಲಕ್ಕೂ ಬೇಕು ಎ.ಸಿ.

ಎ.ಸಿ. ಎಂದರೆ ಬೇಸಿಗೆಯ ಸುಖ ಎಂದುಕೊಂಡವರೇ ಹೆಚ್ಚು. ಆದರೆ ಅದು ಹುಟ್ಟಿದ್ದು ತೇವದ ಕಾಟಕ್ಕೆ. 1902ರಲ್ಲಿ ಅಮೆರಿಕಾದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಇಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಎ.ಸಿ.ಗೆ ಮೂಲ. ಗಾಳಿಯನ್ನು ಒಣಗಿಸುವುದು ಅದರ ಹುಟ್ಟುಗುಣ. ನಮ್ಮ ಕರಾವಳಿಯ ಮಳೆಗಾಲಕ್ಕೆ ಬೇಕಾದದ್ದೂ ಅದೇ.

ಗಾಜಿನ ಒಳಗೆ ಮಂಜು ಕೂರುವುದು ನಮ್ಮ ಉಸಿರು, ಒದ್ದೆ ಬಟ್ಟೆ, ಕೊಡೆಗಳ ತೇವ ತಣ್ಣನೆಯ ಗಾಜಿಗೆ ತಾಗುವುದರಿಂದ. ಆಗ ಮಾಡಬೇಕಾದದ್ದು ಇಷ್ಟು. ಹೊರಗಿನ ಗಾಳಿ ಬರುವಂತೆ ಬಾಗಿಲು ತೆರೆಯಿರಿ. ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ ಫ್ಯಾನ್ ಜೋರು ಮಾಡಿ. ಎ.ಸಿ. ಹಾಕಿ, ಗುಂಡಿಯನ್ನು ತುಸು ಬೆಚ್ಚಗಿನ ಕಡೆಗೆ ತಿರುಗಿಸಿ. ಎ.ಸಿ. ಗಾಳಿಯನ್ನು ಒಣಗಿಸುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತದೆ. ಎರಡೂ ಸೇರಿದರೆ ಮಂಜು ಬೇಗ ಬಿಡುತ್ತದೆ. ಎ.ಸಿ. ಇಲ್ಲದಿದ್ದರೆ ಆ ಲಾರಿ ಚಾಲಕನ ಉಪಾಯವೇ ಉಪಾಯ, ಗಾಜು ತುಸು ಇಳಿಸುವುದು.

ಕೆಲವೊಮ್ಮೆ ಒಳಗಿನಿಂದ ಎಷ್ಟು ಒರೆಸಿದರೂ ಮಬ್ಬು ಹೋಗುವುದಿಲ್ಲ. ಒಮ್ಮೆ ವೈಪರ್ ಹಾಕಿ ನೋಡಿ. ಹೋದರೆ ಮಂಜು ಕೂತದ್ದು ಹೊರಗೆ. ಎ.ಸಿ.ಯ ತಣ್ಣನೆಯ ಗಾಳಿ ನೇರ ಗಾಜಿಗೆ ಬಡಿದು ಗಾಜು ಹೊರಗಿನ ಗಾಳಿಗಿಂತ ತಣ್ಣಗಾದಾಗ ಹೀಗಾಗುತ್ತದೆ. ಆಗ ತಂಪು ಕಡಿಮೆ ಮಾಡಬೇಕು, ಗಾಳಿಯನ್ನು ಗಾಜಿನಿಂದ ತಿರುಗಿಸಬೇಕು. ಒಳಗಿನ ಮಂಜಿಗೂ ಹೊರಗಿನ ಮಂಜಿಗೂ ಮದ್ದು ಒಂದೇ ಅಲ್ಲ.

ಇನ್ನೆರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಎ.ಸಿ. ಹಾಕಿ ನಿಂತ ಕಾರಿನಲ್ಲಿ ಯಾರೂ ನಿದ್ದೆ ಮಾಡಬಾರದು. ಇಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಒಳಹೊಕ್ಕರೆ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಎರಡನೆಯದಾಗಿ, ಎ.ಸಿ. ಹಾಕಿದೆ ಎಂದೋ ಗಾಜು ತುಸು ಇಳಿಸಿದೆ ಎಂದೋ ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ. 'ಪೀಡಿಯಾಟ್ರಿಕ್ಸ್' ಎಂಬ ಅಮೆರಿಕಾದ ವೈದ್ಯಕೀಯ ಪತ್ರಿಕೆಯಲ್ಲಿ 2005ರಲ್ಲಿ ಬಂದ ಅಧ್ಯಯನದಂತೆ, ಬಿಸಿಲಲ್ಲಿ ನಿಂತ ಕಾರಿನೊಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಅದರಲ್ಲಿ ಶೇ. 80ರಷ್ಟು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಗಾಜು ತುಸು ಇಳಿಸಿದ್ದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಅಂಗಡಿಗೆ ಹೋಗಿ ಈಗ ಬಂದೆ ಎನ್ನುವುದು ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಲ್ಲ!

ಗ್ಯಾರೇಜಿಗೆ ಹೋಗುವ ಮೊದಲು

ನಾವೇ ಮಾಡಬಹುದಾದ ಕೆಲಸಗಳಿವೆ. ಹಲವು ಕಾರುಗಳಲ್ಲಿ ಫಿಲ್ಟರ್ ಗ್ಲವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರಸಹಿತ ವಿವರವಿರುತ್ತದೆ. ಮಳೆಗಾಲದ ಮೊದಲೊಮ್ಮೆ, ನಂತರ ಒಮ್ಮೆ ತೆಗೆದು ನೋಡಿ. ಕೊಳೆಯಾಗಿದ್ದರೆ ಬದಲಿಸಿ. ಕೆಲವು ಹಳೆಯ ಸಣ್ಣ ಕಾರುಗಳಿಗೆ ಫಿಲ್ಟರೇ ಇಲ್ಲ. ಅಂಥವುಗಳಲ್ಲಿ ಕಾಯಿಲನ್ನೇ ಸ್ವಚ್ಛ ಮಾಡಿಸಬೇಕಾಗುತ್ತದೆ. ಗಾಜಿನ ಬುಡದ ಎಲೆಗಳನ್ನು ಆಗಾಗ ಗುಡಿಸಿ. ಮರದಡಿ ನಿಲ್ಲಿಸುವ ಕಾರಿಗೆ ಇದು ತೀರಾ ಅಗತ್ಯ. ಬಿಸಿಲಲ್ಲಿ ನಿಂತ ಕಾರು ಹತ್ತಿದಾಗ ಗಾಜು ಇಳಿಸಿ ಬಿಸಿಗಾಳಿ ಹೊರಹೋಗಲು ಬಿಟ್ಟು ಆಮೇಲೆ ಎ.ಸಿ. ಹಾಕಿ. ಮನೆ ತಲುಪಲು ಕೆಲವು ನಿಮಿಷ ಇರುವಾಗ ಎ.ಸಿ. ನಿಲ್ಲಿಸಿ ಬರೇ ಫ್ಯಾನ್ ಓಡಿಸಿದರೆ ಕಾಯಿಲ್ ಒಣಗಿ ಬೂಸ್ಟು ಕಡಿಮೆಯಾಗುತ್ತದೆ. ಚಳಿಗಾಲದಲ್ಲೂ ಆಗೊಮ್ಮೆ ಈಗೊಮ್ಮೆ ಹತ್ತು ನಿಮಿಷ ಎ.ಸಿ. ಹಾಕಿ. ಗ್ಯಾಸಿನ ಜೊತೆ ಸುತ್ತುವ ಎಣ್ಣೆ ಸೀಲುಗಳನ್ನು ಒಣಗದಂತೆ ಕಾಯುತ್ತದೆ.

ನಾವು ಕೈಹಾಕಬಾರದ ಕೆಲಸವೂ ಇದೆ. ಗ್ಯಾಸಿನ ಪೈಪುಗಳನ್ನು ಎಂದಿಗೂ ಸಡಿಲಿಸಬೇಡಿ. ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸ್ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಚರ್ಮಕ್ಕೋ ಕಣ್ಣಿಗೋ ಚಿಮ್ಮಿದರೆ ಆ ಭಾಗ ಮರಗಟ್ಟಿ ಗಾಯವಾಗುತ್ತದೆ. ಗಾಳಿಗೆ ಬಿಟ್ಟರೆ ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮಿಗಿಲು. ಬೋನೆಟ್ ತೆರೆದು ನೋಡುವಾಗಲೂ ಶಾಲು, ಬುರ್ಖಾದ ತೋಳು, ಮಕ್ಕಳ ಕೈ ಫ್ಯಾನಿನ ಹತ್ತಿರ ಸುಳಿಯಬಾರದು. ಇಂಜಿನ್ ನಿಲ್ಲಿಸಿದ ಮೇಲೂ ಆ ಫ್ಯಾನ್ ತಟ್ಟನೆ ತಿರುಗಬಹುದು.

ಗ್ಯಾರೇಜಿನಲ್ಲಿ 'ಎ.ಸಿ. ಸರಿಯಿಲ್ಲ' ಎಂದಷ್ಟೇ ಹೇಳಿ ಕೀಲಿಕೈ ಕೊಡಬೇಡಿ. ಗಾಳಿ ಕಡಿಮೆಯೋ ತಂಪು ಕಡಿಮೆಯೋ, ಓಡುವಾಗಲೋ ನಿಂತಾಗಲೋ, ಎಷ್ಟು ಹೊತ್ತಿಗೆ, ವಾಸನೆ ಇದೆಯೋ ಇಲ್ಲವೋ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಒಳ್ಳೆಯ ಕೆಲಸಗಾರನಿಗೆ ಅದು ಅರ್ಧ ಕೆಲಸ ಮುಗಿಸಿಕೊಟ್ಟಂತೆ. ಅವರು ಗ್ಯಾಸ್ ಹಾಕಬೇಕು ಎಂದರೆ ಮೂರು ಮಾತು ಕೇಳಿ. ಸೋರಿಕೆ ಎಲ್ಲಿ ಎಂದು ನೋಡಿದ್ದೀರಾ? ತುಂಬಿಸುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ ಮಾಡುತ್ತೀರಾ? ತೂಕ ಹಾಕಿ ಎಷ್ಟು ಗ್ರಾಂ ತುಂಬಿಸುತ್ತೀರಿ? ಮರ್ಯಾದೆಯಿಂದಲೇ ಕೇಳಿ. ಸರಿಯಾಗಿ ಕೆಲಸ ಬಲ್ಲವರು ಇದಕ್ಕೆ ಸಿಟ್ಟಾಗುವುದಿಲ್ಲ, ಸಂತೋಷಪಡುತ್ತಾರೆ. ಕಾಕ ನನಗೆ ಹಳೆಯ ಫಿಲ್ಟರನ್ನೂ ಇಲಿಯ ಗೂಡನ್ನೂ ಒಂದು ಪೇಪರಿನಲ್ಲಿ ಕಟ್ಟಿ ಕೊಟ್ಟರು. "ಮನೆಯಲ್ಲಿ ತೋರಿಸಿ, ಮಕ್ಕಳಿಗೂ ಗೊತ್ತಾಗಲಿ" ಎಂದರು.

ಕಳೆದ ಜೂನಿನಲ್ಲಿ ಮಾವನನ್ನು ತಪಾಸಣೆಗೆಂದು ಮತ್ತೆ ಮಂಗಳೂರಿಗೆ ಕರೆದೊಯ್ದೆ. ಅದೇ ರಸ್ತೆ, ಅಂಥದೇ ಮಳೆ. ಮಾಣಿ ದಾಟುವಾಗ ಗಾಜಿನ ಅಂಚಿನಲ್ಲಿ ಮಬ್ಬು ಕಾಣಿಸಿತು. ನಾನು ಕೈ ಚಾಚುವ ಮೊದಲೇ ಹಿಂದಿನ ಸೀಟಿನಿಂದ ಮಗಳು ಹೇಳಿದಳು: "ಉಮ್ಮಾ, ಹೊರಗಿನ ಗಾಳಿ ಬಿಡಿ, ಎ.ಸಿ. ಹಾಕಿ." ಎರಡು ನಿಮಿಷದಲ್ಲಿ ರಸ್ತೆ ಸ್ಪಷ್ಟವಾಗಿ ಕಂಡಿತು. ಮಾವ ಗಾಜಿನಾಚೆ ನೋಡುತ್ತಾ, "ಇದೇ ಬಂಕಲ್ಲವೇ ನಾವು ಅಂದು ನಿಂತದ್ದು?" ಎಂದು ಕೇಳಿದರು. ಹೌದೆಂದೆ. ಈ ಸಲ ಅಲ್ಲಿ ನಿಲ್ಲಿಸುವ ಅಗತ್ಯ ಬೀಳಲಿಲ್ಲ.